ಡಬ್ಬಿಯೊಳಗಿನ ನಡುತುಂಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಕ ಎಂಟು ವರ್ಷ ಮಸ್ಕತ್ತಿನಿಂದ ಮತ್ತಿ ಮೀನಿನ ಡಬ್ಬಿಗಳನ್ನು ಕಳಿಸಿದಳು. ನಾನು ಒಂದನ್ನೂ ತಿನ್ನಲಿಲ್ಲ. ತಿನ್ನುವುದಿರಲಿ, ಒಂದರ ಮುಚ್ಚಳವನ್ನೂ ತೆಗೆಯಲಿಲ್ಲ. ಆದರೂ ಪ್ರತಿ ಸಲ ಫೋನಿನಲ್ಲಿ ಅವಳು "ತಿಂದ್ಯಾಡಾ ತಂಬಿ?" ಎಂದು ಕೇಳಿದಾಗ, "ತಿಂದೆನಕ್ಕಾ, ಸೂಪರ್" ಎಂದೆ. ಎಂಟು ವರ್ಷ ಅದೇ ಪ್ರಶ್ನೆ, ಎಂಟು ವರ್ಷ ಅದೇ ಸುಳ್ಳು.

ಇವತ್ತು ಬೆಳಿಗ್ಗೆ ತೋಟದ ಮೋಟರ್ ರೂಮಿನ ಮೇಲಿನ ಹಳೆಯ ತಾರ್ಪಾಲು ತೆಗೆಯುತ್ತಿದ್ದೆ. ನಮ್ಮ ಕಡೆ ಆಡಿ ತಿಂಗಳಲ್ಲಿ, ಎಂದರೆ ಆಷಾಢದಲ್ಲಿ, ಬೀಸುವ ಗಾಳಿ ಎಂಥದೆಂದರೆ, ಒಣಹಾಕಿದ ಪಂಚೆಯನ್ನು ಪಕ್ಕದ ಊರಿನಲ್ಲಿ ಹುಡುಕಬೇಕು. ಅದಕ್ಕೇ ತಾರ್ಪಾಲಿನ ಅಂಚಿಗೆ ಸುತ್ತಲೂ ಭಾರ ಕಟ್ಟಿರುತ್ತೇವೆ. ಹಾಗೆ ಕಟ್ಟಿದ ಭಾರಗಳಲ್ಲಿ ಒಂದು ಕೈಗೆ ಬಂತು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು, ಮೂಲೆಗಳೆಲ್ಲ ತುಕ್ಕು, ಮುಚ್ಚಳದ ಮೇಲೊಂದು ಉಂಗುರ, ಉಂಗುರದೊಳಗೆ ನಾನೇ ತೂರಿಸಿ ಗಂಟು ಹಾಕಿದ್ದ ಹುರಿ. ಅಕ್ಕ ಕಳಿಸಿದ ಡಬ್ಬಿ. ಅದನ್ನು ಕೈಯಲ್ಲಿ ಹಿಡಿದುಕೊಂಡು ಬದುವಿನ ಮೇಲೆ ಕೂತವನಿಗೆ ತಾರ್ಪಾಲಿನ ಕೆಲಸ ಮರೆತೇಹೋಯಿತು. ನನ್ನ ಹೆಂಡತಿ ಸೆಲ್ವಿ ಎರಡು ಸಲ ಕೂಗಿದಳು. ಮೂರನೆಯ ಸಲ ಕೂಗಲಿಲ್ಲ. ಅದು ಇನ್ನೂ ಅಪಾಯ. ಆದರೂ ಏಳಲಿಲ್ಲ.

ನಾನು ಹೆಚ್ಚು ಓದಿದವನಲ್ಲ. ಐದನೇ ಕ್ಲಾಸು, ಅದೂ ತಮಿಳು ಶಾಲೆ. ಕಂಬಂ ಕಣಿವೆಯ ಓಡೈಪಟ್ಟಿಯಲ್ಲಿ ನಮ್ಮಂಥವರ ಮನೆಯೊಳಗಿನ ಮಾತು ಕನ್ನಡವೇ ಆದರೂ, ಆ ಮಾತಿಗೆ ಅಕ್ಷರ ಇದೆ ಎಂಬುದು ನನಗೆ ಬಹಳ ದಿನ ಗೊತ್ತಿರಲಿಲ್ಲ. ದ್ರಾಕ್ಷಿ ಲಾರಿಯ ಜೊತೆ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುತ್ತಿದ್ದ ಕಾಲದಲ್ಲಿ, ಲೋಡು ಇಳಿಯುವ ತನಕ ಸುಮ್ಮನೆ ನಿಲ್ಲಲಾರದೆ, ಮಂಡಿಯ ಗುಮಾಸ್ತರೊಬ್ಬರನ್ನು ಕಾಡಿ ಕಾಡಿ ಗೋಡೆಬರಹಗಳನ್ನು ಓದಲು ಕಲಿತೆ. ಹಾಗಾಗಿ ನಾನು ಪೂರ್ತಿ ಓದಿದ ಮೊದಲ ಕನ್ನಡ ವಾಕ್ಯ 'ಇಲ್ಲಿ ಮೂತ್ರ ಮಾಡಬಾರದು'. ಅದನ್ನು ಓದಿದ ಸಂತೋಷಕ್ಕೆ ಎರಡು ಸಲ ಗಟ್ಟಿಯಾಗಿ ಓದಿದೆ. ಅಲ್ಲಿ ಆಗಲೇ ನಿಂತಿದ್ದ ಒಬ್ಬರು ಅರ್ಧಕ್ಕೇ ನಿಲ್ಲಿಸಿ ಓಡಿದರು.

ಮೀನಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಚಿಕ್ಕಂದಿನಲ್ಲಿ ಮೀನು ಬರುತ್ತಿದ್ದದ್ದು ಎರಡು ದಾರಿಯಲ್ಲಿ. ವೈಗೈ ಅಣೆಕಟ್ಟಿನ ದೊಡ್ಡ ಮೀನು ಬುಟ್ಟಿಯಲ್ಲಿ, ಸೈಕಲ್ ಮೇಲೆ. ಕೇರಳದ ಮತ್ತಿ ಘಟ್ಟ ಇಳಿದು, ಐಸಿನ ಪೆಟ್ಟಿಗೆಯಲ್ಲಿ. ಮಂಗಳೂರು ಕಡೆಯವರು ಈ ಮತ್ತಿಯನ್ನು ಭೂತಾಯಿ ಎನ್ನುತ್ತಾರಂತೆ. ಅಷ್ಟು ಚಿಕ್ಕ ಮೀನಿಗೆ ಅಷ್ಟು ದೊಡ್ಡ ಹೆಸರು ಕೇಳಿ ನನಗೆ ಅದರ ಮೇಲೆ ಗೌರವ ಬಂತು. ಯಾವ ದಾರಿಯಲ್ಲಿ ಬಂದರೂ ನಮ್ಮ ಅವ್ವನ ಪರೀಕ್ಷೆ ದಾಟದೆ ಮೀನು ಅಂಗಳಕ್ಕೆ ಬರುವಂತಿರಲಿಲ್ಲ. ಅವಳು ಮೊದಲು ಮೀನಿನ ಕಣ್ಣು ನೋಡುತ್ತಿದ್ದಳು, ಆಮೇಲೆ ಕಿವಿರು ಬಿಡಿಸಿ ಕೆಂಪು ನೋಡುತ್ತಿದ್ದಳು, ಕೊನೆಗೆ ಮೀನುಗಾರನ ಕಣ್ಣು ನೋಡುತ್ತಿದ್ದಳು. "ಮೀನ್ ಕಣ್ಣು ಪೊಯ್ಯಿ ಸೊಲ್ಲಾಕಿಲ್ಲೆ, ನಿನ್ ಕಣ್ಣು ಸೊಲ್ಲ್ತದೆ" ಎಂದು ಅವನಿಗೇ ಹೇಳುತ್ತಿದ್ದಳು. ಪೊಯ್ಯಿ ಎಂದರೆ ಸುಳ್ಳು. ಅವನು ಪಾಪ, ನಗುತ್ತಾ ಇನ್ನೆರಡು ಮೀನು ಹೆಚ್ಚಿಗೆ ಹಾಕುತ್ತಿದ್ದ.

ಮೀನನ್ನು ನಮ್ಮಲ್ಲಿ ಅಡುಗೆಮನೆಯಲ್ಲಿ ಬೇಯಿಸುವುದಿಲ್ಲ. ಅಂಗಳದ ಮೂಲೆಯಲ್ಲಿ ಮೂರು ಕಲ್ಲು, ಅದಕ್ಕೊಂದು ಮಣ್ಣಿನ ಮೀನುಚಟ್ಟಿ. ಆ ಚಟ್ಟಿ ಬೇರೆ ಯಾವುದಕ್ಕೂ ಇಲ್ಲ. ತೊಳೆದು ಗೋಡೆಯ ಮೇಲೆ ಬೋರಲು ಹಾಕಿದರೆ ಮುಂದಿನ ಮೀನಿನ ತನಕ ಅಲ್ಲೇ. ಶನಿವಾರ ಇಲ್ಲ, ಪುರಟ್ಟಾಸಿ ಎಂಬ ವ್ರತದ ತಿಂಗಳು ಪೂರ್ತಿ ಇಲ್ಲ.

ಇನ್ನು ಬಡಿಸುವ ಕ್ರಮ. ಮೀನಿನ ನಡುತುಂಡು ಅಪ್ಪನಿಗೆ ಮತ್ತು ನನಗೆ. ಬಾಲ ಅವ್ವನಿಗೆ. ತಲೆ ಅಕ್ಕನಿಗೆ. ಇದನ್ನು ಯಾರೂ ತೀರ್ಮಾನ ಮಾಡಿದ್ದಲ್ಲ, ಯಾರೂ ಬದಲಿಸಿದ್ದೂ ಅಲ್ಲ. ಸೂರ್ಯ ಮೇಘಮಲೆಯ ಕಡೆಯಿಂದ ಹುಟ್ಟುವ ಹಾಗೆ ಅದೊಂದು. ಒಂದು ಸಲ ಅಕ್ಕ ಮುಖ ಸಿಂಡರಿಸಿದಾಗ ಅವ್ವ ಸಮಾಧಾನ ಹೇಳಿದಳು: "ತಲೆ ತಿನ್ನೆ ಬೊಮ್ಮಿ, ಬುದ್ಧಿ ಬತ್ತದೆ."

ಅಕ್ಕ ನನ್ನ ತಟ್ಟೆ ತೋರಿಸಿ, "ಅಂಗಾರೆ ಇವನ್ಗೇ ಕೊಡವ್ವಾ. ಇವನ್ಗೇ ಬೇಕಾದ್ದು" ಎಂದಳು.

ಅಪ್ಪನಿಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು. ನನಗೂ ನಗು ಬಂತು. ಆದರೆ ನಗುತ್ತಲೇ ನಡುತುಂಡನ್ನು ಬಾಯಿಗೆ ಹಾಕಿಕೊಂಡೆ. ಅವಳು ತಲೆಯ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದಳು. ಆ ಸಾಲು ನನಗೆ ಈಗಲೂ ಕಾಣುತ್ತದೆ. ಆಗ ಕಾಣಲಿಲ್ಲ ಎಂಬುದೇ ನನ್ನ ಕತೆ.

ಅಕ್ಕನ ಹೆಸರು ಬೊಮ್ಮಕ್ಕ. ದಿಂಡುಕ್ಕಲ್ಲಿನ ಹತ್ತಿರ ಮದುವೆಯಾಗಿ ಹೋದಳು. ಭಾವ ತೀರಿಕೊಂಡ ಮೇಲೆ, ಮಗಳ ಮದುವೆ ಮುಗಿಸಿ, ಮಸ್ಕತ್ತಿನ ಒಂದು ದೊಡ್ಡ ಲಾಂಡ್ರಿಗೆ ಕೆಲಸಕ್ಕೆ ಹೋದಳು. ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ. ಒಂದು ರೂಮಿನಲ್ಲಿ ಆರು ಜನ ಹೆಂಗಸರು. ಹೋದ ಮೊದಲ ವರ್ಷವೇ ಊರ ಕಡೆಯವರೊಬ್ಬರ ಕೈಯಲ್ಲಿ ಮೊದಲ ಪಾರ್ಸೆಲ್ ಕಳಿಸಿದಳು. ದಿಂಡುಕ್ಕಲ್ ಬಸ್‌ಸ್ಟ್ಯಾಂಡಿಗೆ ಹೋಗಿ ತಂದೆ. ಸೆಂಟು, ಖರ್ಜೂರ, ನೋವಿನ ಎಣ್ಣೆ, ಅಡಿಯಲ್ಲಿ ಹನ್ನೆರಡು ಚಪ್ಪಟೆ ಡಬ್ಬಿ. ಮೇಲೆ ಮೀನಿನ ಚಿತ್ರ.

ನಾನು ತಂದ ದಿನ ಪುರಟ್ಟಾಸಿಯ ಎರಡನೇ ದಿನ.

"ವಾಸಲ್ ದಾಟಿ ಒಳಗೆ ತರಬೇಡಿ" ಎಂದು ಸೆಲ್ವಿ ಬಾಗಿಲಿಗೆ ಅಡ್ಡ ನಿಂತಳು. ಅವಳ ತವರು ಬತ್ತಲಗುಂಡಿನ ಹತ್ತಿರ. ಅಲ್ಲಿಯವರು ಪುರಟ್ಟಾಸಿಯಲ್ಲಿ ನಮಗಿಂತ ಒಂದು ಕೈ ಮೇಲೆ. "ಮೂಡಿದ ಡಬ್ಬಿ ಡೀ, ತೆರ್ದಿಲ್ಲೆ" ಎಂದೆ. "ಮೂಡಿದ್ರೂ ಮೀನ್ ಮೀನೇ" ಎಂದಳು. ಸರಿ, ತೋಟದ ಮೋಟರ್ ರೂಮಿನಲ್ಲಿ ಇಟ್ಟೆ. ಅಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿಗಳೂ ಇದ್ದವು. ತಿಂಗಳು ಮುಗಿದು ತೆಗೆಯಲು ಹೋದರೆ ಎಲ್ಲಕ್ಕೂ ಔಷಧದ ವಾಸನೆ. ಯಾವುದು ಗಿಡಕ್ಕೆ, ಯಾವುದು ನನಗೆ ಎಂದು ಮೂಗಿನಿಂದ ಹೇಳುವಂತಿರಲಿಲ್ಲ. ಅದೇ ಹೊತ್ತಿಗೆ ಗಾಳಿ ತಾರ್ಪಾಲನ್ನು ಎಬ್ಬಿಸಿತ್ತು. ಡಬ್ಬಿಯ ಮೇಲೆ ಉಂಗುರ ಕಂಡಿತು. ಆಹಾ, ನೇತುಹಾಕಲು ಎಂಥ ಅನುಕೂಲ ಮಾಡಿದ್ದಾರೆ ಎಂದು ಆ ಕಂಪೆನಿಯವರನ್ನು ಮನಸ್ಸಿನಲ್ಲೇ ಮೆಚ್ಚಿ, ಉಂಗುರಕ್ಕೆ ಹುರಿ ಪೋಣಿಸಿ ಹನ್ನೆರಡನ್ನೂ ತಾರ್ಪಾಲಿಗೆ ಕಟ್ಟಿದೆ.

ಆ ವಾರವೇ ಅಕ್ಕನ ಫೋನು. ಮೋಟರು ಓಡುತ್ತಿತ್ತು, ಅರ್ಧ ಕೇಳಿಸಿತು, ಅರ್ಧ ಇಲ್ಲ.

"ತಿಂದ್ಯಾಡಾ ತಂಬಿ?"

"ತಿಂದೆನಕ್ಕಾ, ಸೂಪರ್."

"ತಲೆನೂ ಇಲ್ಲೆ, ವಾಲೂ ಇಲ್ಲೆ, ಪಾತ್ತ್ಯಾ? ಎಲ್ಲಾ ನಡುತುಂಡೇ ಡಾ!"

"ಹೂಂ ಹೂಂ, ನಡುತುಂಡೇ" ಎಂದೆ. ಒಳ್ಳೆ ಕಂಪೆನಿ ಮಾಲು ಎಂದು ಹೇಳುತ್ತಿದ್ದಾಳೆ ಅಂದುಕೊಂಡೆ.

ಮುಂದಿನ ಪಾರ್ಸೆಲ್ಲಿನ ಹೊತ್ತಿಗೆ ಪುರಟ್ಟಾಸಿಯ ನೆಪ ಇರಲಿಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ. ಹೇಗೆ ಹೋದೀತು ಹೇಳಿ? ಕಣ್ಣು ನೋಡದೆ ಮೀನು ಮುಟ್ಟಬಾರದು ಎಂದು ಬೆಳೆದವನು ನಾನು. ಈ ಮೀನಿಗೆ ಕಣ್ಣೇ ಇಲ್ಲ. ಕಿವಿರಿಲ್ಲ. ಎಂದು ಸತ್ತಿತು, ಯಾರು ನೋಡಿದರು, ಯಾವ ಸಮುದ್ರ? ಮೀನುಗಾರನ ಕಣ್ಣನ್ನಾದರೂ ನೋಡೋಣವೆಂದರೆ ಅವನೂ ಇಲ್ಲ. ಇಪ್ಪತ್ತು ವರ್ಷ ದ್ರಾಕ್ಷಿ ಬೆಳೆದು, ಸಿಕ್ಕ ಸಿಕ್ಕ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಸಿಕ್ಕ ಎಣ್ಣೆಯ ಬೋಂಡ ತಿಂದ ಹೊಟ್ಟೆ ಇದು. ಅದಕ್ಕೆ ಈ ಡಬ್ಬಿಯ ಎದುರು ಮಾತ್ರ ಎಲ್ಲಿಲ್ಲದ ಮಡಿ ಬಂತು.

ಆಮೇಲೆ ಬಂದ ಡಬ್ಬಿಗಳೆಲ್ಲ ನಮ್ಮ ಬೀದಿಯ ಕಂಡಿ ಪಾಟಿಗೆ ಹೋದವು. ಪಾಟಿ ಎಂದರೆ ಅಜ್ಜಿ. ಸಿಲೋನಿನ ಕಂಡಿಯ ಟೀ ತೋಟದಲ್ಲಿ ಹುಟ್ಟಿ, ಅಲ್ಲಿಂದ ತಮಿಳು ಕೂಲಿಯವರನ್ನು ವಾಪಸು ಕಳಿಸಿದ ಕಾಲದಲ್ಲಿ ಹಡಗು ಹತ್ತಿ ಬಂದವಳು. ಮೊದಲ ಡಬ್ಬಿ ಕೊಟ್ಟಾಗ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದಳು. "ಟಿನ್ ಮೀನಪ್ಪಾ! ನಿನಗೆ ಇದರ ಬೆಲೆ ಗೊತ್ತಾ?" ಎಂದಳು. ಹಡಗಿನಲ್ಲಿ ಬರುವಾಗ ಅವಳ ಬಟ್ಟೆಗಂಟಿನಲ್ಲಿ ಎರಡು ಟಿನ್ ಮೀನು ಇದ್ದವಂತೆ. ಒಂದು ದಾರಿಗೆ. ಇನ್ನೊಂದನ್ನು ಹಸಿವಾದರೂ ತೆರೆಯದೆ, ಇಲ್ಲಿ ಒಂದು ಗುಡಿಸಲು ಅಂತ ಆಗಿ ಮೊದಲ ಅನ್ನ ಬೆಂದ ದಿನ ತೆರೆದಳಂತೆ. "ಆ ಎಣ್ಣೆಯನ್ನೂ ಅನ್ನಕ್ಕೆ ಬಳಿದು ತಿಂದೆವು" ಎಂದಳು.

ಅವಳು ತಿನ್ನುವ ರೀತಿಯೇ ಬೇರೆ. ಸಣ್ಣ ಈರುಳ್ಳಿ, ಹಸಿಮೆಣಸು ಹೆಚ್ಚಿ, ನಿಂಬೆ ಹಿಂಡಿ, ಮೀನನ್ನು ಬೆರಳಿನಿಂದಲೇ ಒಡೆದು ಕಲಸಿ, ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನುವಳು. "ಮುಳ್ಳು ಬಿಡಿಸಬೇಡ, ಮುಳ್ಳೂ ಬೆಣ್ಣೆ" ಎನ್ನುವಳು. ಅವಳ ಕಾಲದ ಡಬ್ಬಿಗೆ ಉಂಗುರ ಇರಲಿಲ್ಲವಂತೆ; ಈಗಲೂ ಕುಡುಗೋಲಿನ ಮೂಗಿನಿಂದ ಕುತ್ತಿ, ಸುತ್ತಲೂ ಕೊಯ್ದು ತೆರೆಯುತ್ತಿದ್ದಳು. "ನೀನೂ ಒಂದು ವಾಯಿ ತಿನ್ನು" ಎಂದು ಪ್ರತಿ ಸಲ ಕರೆಯುವಳು. ನಾನು ಪ್ರತಿ ಸಲ ಹೊಟ್ಟೆ ತುಂಬಿದೆ ಎನ್ನುವೆ. ಆಮೇಲೆ ಮೆಲ್ಲಗೆ ಕೇಳುವೆ: "ಪಾಟಿ, ಹೇಗಿತ್ತು?" ಅವಳು ಹೇಳಿದ್ದನ್ನು ಹಾಗೇ ಅಕ್ಕನಿಗೆ ಒಪ್ಪಿಸುವೆ. "ಮುಳ್ಳೂ ಬೆಣ್ಣೆ ಅಕ್ಕಾ!" ಅಕ್ಕ ಮಸ್ಕತ್ತಿನಲ್ಲಿ ಕುಣಿದಾಡುವಳು, ಇನ್ನೂ ಆರು ಡಬ್ಬಿ ಹೆಚ್ಚಿಗೆ ಕಳಿಸುವಳು. ಪಾಟಿಯ ಕೆನ್ನೆ ತುಂಬಿಕೊಂಡಿತು.

ಸುಳ್ಳು ಅಷ್ಟಕ್ಕೇ ನಿಂತಿದ್ದರೆ ಬಚಾವಾಗುತ್ತಿದ್ದೆ. ಒಂದು ದಿನ ದ್ರಾಕ್ಷಿ ಗೊಂಚಲಿನಲ್ಲಿ ಒತ್ತಾಗಿ ಬಂದ ಕಾಯಿಗಳನ್ನು ಬಿಡಿಸುತ್ತಾ ಬಳ್ಳಿ ಹಬ್ಬಿಸುವ ಪಂದಲಿನ ಕೆಳಗೆ ನಿಂತಿದ್ದೆ. ಪನ್ನೀರ್ ದ್ರಾಕ್ಷಿ ಹಣ್ಣಾದರೆ ಎಷ್ಟು ಸಿಹಿಯೋ ಕಾಯಿ ಅಷ್ಟೇ ಹುಳಿ. ಒಂದು ಕಾಯಿ ಬಾಯಲ್ಲಿತ್ತು. ಫೋನು ಬಂತು. ಅಕ್ಕ ಕೇಳಿದಳು: "ಬರೇ ಅಂಗೇ ತಿಂತೀರಾ, ಕೊಳಂಬು ವೆಚ್ಚ್ತೀರಾ?"

ಕೊಳಂಬು ಎಂದರೆ ಹುಳಿಸಾರು. ಬಾಯಲ್ಲಿದ್ದ ಹುಳಿಯೇ ಮಾತಾಡಿತು. "ಕೊಳಂಬೇ ಅಕ್ಕಾ. ಹುಣ್ಸೆ ಪುಳಿ ಹಾಕಾಕಿಲ್ಲೆ. ಕಾಯ್ ದ್ರಾಕ್ಷಿ ಅರೆದು ಹಾಕ್ತೀವಿ. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸು, ಮಲ್ಲಿ. ಕೊನೇಲಿ ಮೀನು."

ಹೇಳಿ ಮುಗಿಸಿದ ಮೇಲೆ ಹೆದರಿಕೆಯಾಯಿತು. ಸಿಕ್ಕಿಬಿದ್ದೆ ಎಂದುಕೊಂಡೆ.

"ಇದ್ನ ಯಾರ್ ಕಲ್ತ್‌ಕೊಟ್ಟದ್ದು?"

"ನಾನೇ ಕಂಡ್‌ಹಿಡ್ದೆ."

"ಅಡೇ!" ಎಂದಳು ಅಕ್ಕ. ಅವಳ ದನಿಯಲ್ಲಿ ಇದ್ದ ಹೆಮ್ಮೆಯನ್ನು ನಾನು ಐದನೇ ಕ್ಲಾಸು ಪಾಸಾದಾಗಲೂ ಕೇಳಿರಲಿಲ್ಲ. ಆಗ ಪಾಸಾಗಿರಲಿಲ್ಲ ಎಂಬುದೂ ನಿಜ.

ಮುಂದಿನ ಶುಕ್ರವಾರ ಅವರ ರಜೆ. ಸಾಯಂಕಾಲ ವೀಡಿಯೋ ಕಾಲ್ ಬಂತು. ಆರು ಹೆಂಗಸರೂ ಖಾಲಿ ತಟ್ಟೆ ಎತ್ತಿ ತೋರಿಸುತ್ತಿದ್ದಾರೆ! ಯಾವುದೋ ಅಂಗಡಿಯಲ್ಲಿ ಹುಳಿ ದ್ರಾಕ್ಷಿಕಾಯಿ ಹುಡುಕಿ ತಂದು ಅಕ್ಕ ನನ್ನ ಕೊಳಂಬು ಮಾಡಿದ್ದಳು. ಮಲಯಾಳಿ ಹೆಂಗಸು ಬೆರಳು ನೆಕ್ಕುತ್ತಿದ್ದಳು. ಫಿಲಿಪ್ಪೀನ್ಸಿನವಳು ಚೀಟಿಯಲ್ಲಿ ಬರೆದುಕೊಂಡಳಂತೆ. ಅದಕ್ಕೆ ಅವರು ಇಟ್ಟ ಹೆಸರು 'ತಂಬಿ ಕರಿ', ಎಂದರೆ ತಮ್ಮನ ಸಾರು. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಆ ರೂಮಿನಲ್ಲಿ ತಂಬಿ ಕರಿ. ಸಮುದ್ರದಾಚೆ ನನ್ನ ಹೆಸರಿನಲ್ಲಿ ಅಡುಗೆ ಬೇಯುತ್ತಿತ್ತು. ಅದರ ರುಚಿ ಗೊತ್ತಿಲ್ಲದವನು ನಾನೊಬ್ಬನೇ.

ಹೋದ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಅಕ್ಕ ಕೆಲಸ ಬಿಟ್ಟು ಬಂದುಬಿಟ್ಟಳು. ಇನ್ನು ಹೋಗುವುದಿಲ್ಲ. ದಿಂಡುಕ್ಕಲ್ಲಿನ ಮಗಳು "ನನ್ ಜೊತೆ ಇರಮ್ಮಾ" ಎಂದು ಕೈ ಹಿಡಿದಳಂತೆ. ನಾನು ನಮ್ಮ ಮನೆಯಲ್ಲೇ ಇರಲಿ ಎಂದು ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೆ, ಫ್ಯಾನು ಹಾಕಿಸಿದ್ದೆ. ಅವಳು ಬೆಳೆದ ಮನೆ, ಅವಳ ಅವ್ವನ ಅಂಗಳ. ಅಕ್ಕ ಇಬ್ಬರಿಗೂ ಒಂದೇ ಮಾತು ಹೇಳಿದ್ದಳು: "ಮೊದ್ಲು ತಂಬಿ ಮನೇಲಿ ತಂಬಿ ಕರಿ ತಿಂತೀನಿ. ಆಮೇಲೆ ಯೋಚ್ನೆ."

ಬತ್ತಲಗುಂಡು ಬಸ್‌ಸ್ಟ್ಯಾಂಡಿನಿಂದ ಫೋನು ಬಂತು. "ಬತ್ತಲಗುಂಡ್ ದಾಟ್ತಾ ಇದೀನಿ. ಡಬ್ಬಿ ನನ್ ಬ್ಯಾಗ್ನಲ್ಲೇ ಅದೆ. ನೀನು ಅಡುಪ್ಪು ಹೊತ್ತ್ಸು."

ನಾನು ಸೆಲ್ವಿಯ ಮುಖ ನೋಡಿದೆ. ಅವಳು ಮುಸುರೆ ತಿಕ್ಕುತ್ತಲೇ, "ಏನ್ ನೋಡ್ತೀರಾ? ಊರಿಗೆಲ್ಲ ಹೆಸರಾದ ಸಮಯಲ್‌ಕಾರ ನೀವು. ನಾನು ಬರೇ ಪಾತ್ರೆ ತೊಳೆಯೋಳು" ಎಂದಳು. ಸಮಯಲ್‌ಕಾರ ಎಂದರೆ ಅಡುಗೆಯವನು. ಈ ಎಂಟು ವರ್ಷದಲ್ಲಿ ಅವಳು ನನ್ನ ಸುಳ್ಳನ್ನು ಬಿಟ್ಟುಕೊಡಲೂ ಇಲ್ಲ, ಕ್ಷಮಿಸಲೂ ಇಲ್ಲ. ಸಮಯ ಬರಲಿ ಎಂದು ಉಪ್ಪಿನಕಾಯಿಯ ಹಾಗೆ ಜಾಡಿಯಲ್ಲಿ ಇಟ್ಟಿದ್ದಳು.

ಮೀನುಚಟ್ಟಿ ಇಳಿಸಿದೆ. ಅಕ್ಕ ಬಂದಳು. ತಲೆ ಪೂರ್ತಿ ನರೆತಿತ್ತು. ನಮ್ಮನ್ನು ತಬ್ಬಿಕೊಂಡು, ಅಂಗಳದ ಮೂರು ಕಲ್ಲು ಹಾಗೇ ಇರುವುದನ್ನು ನೋಡಿ, ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಕಂಡಿ ಪಾಟಿಯೂ ಕೋಲೂರಿಕೊಂಡು ಬಂದು ಅವಳ ಪಕ್ಕ ಕೂತಳು. ಬ್ಯಾಗಿನಿಂದ ಆರು ಡಬ್ಬಿ ಹೊರಬಂದವು.

"ಹೂಂ, ಮಾಡು. ನೋಡ್ತೀನಿ" ಎಂದಳು ಅಕ್ಕ, ಸಿನಿಮಾ ನೋಡಲು ಕೂತವಳಂತೆ.

ನಾನು ಡಬ್ಬಿಯನ್ನು ಎರಡು ಮಗ್ಗುಲೂ ತಿರುಗಿಸಿದೆ. ಪಾಟಿ ಮಾಡುತ್ತಿದ್ದದ್ದು ನೆನಪಾಗಿ ಕುಡುಗೋಲು ತಂದೆ. ಮೂಗಿನಿಂದ ಕುತ್ತಿದೆ. ಡಬ್ಬಿ ಜಾರಿತು. ಇನ್ನೊಂದು ಸಲ ಬಲವಾಗಿ ಕುತ್ತಿದೆ. ಎಣ್ಣೆ ಚಿಮ್ಮಿ ನನ್ನ ಅಂಗಿಯ ಮೇಲೆ, ಮೀಸೆಯ ಮೇಲೆ, ಸೆಲ್ವಿ ಆಗತಾನೆ ಹಾಕಿದ್ದ ಕೋಲದ ರಂಗೋಲಿಯ ಮೇಲೆ. ಅಕ್ಕ ಎದ್ದು ಬಂದಳು. ಎರಡನೆಯ ಡಬ್ಬಿ ಎತ್ತಿಕೊಂಡು ಉಂಗುರಕ್ಕೆ ಬೆರಳು ಹಾಕಿ ಎಳೆದಳು. ಪಟ್ ಎಂದು ಇಡೀ ಮುಚ್ಚಳ ಸುರುಳಿ ಸುತ್ತಿಕೊಂಡು ಬಂತು.

"ಈ ಉಂಗರ ಯಾತಕ್ಕೆ ಅಂತ ನೆನಚ್ದೆ?" ಎಂದು ಕೇಳಿದಳು.

ಸುಳ್ಳು ಹೇಳುವ ಶಕ್ತಿ ಆ ಕ್ಷಣಕ್ಕೆ ಬತ್ತಿಹೋಗಿತ್ತು. "ನೇತ್‌ಹಾಕೋಕೆ" ಎಂದೆ.

ಪಾಟಿ ಬೊಚ್ಚುಬಾಯಿ ತೆರೆದು ನಕ್ಕಳು, ಸೆಲ್ವಿ ನಕ್ಕಳು, ಅಕ್ಕನಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. "ಕಾಯ್ ದ್ರಾಕ್ಷಿ ನಾನೇ ಕಿತ್ತ್‌ಕೊಂಡ್ ಬತ್ತೀನಿ" ಎಂದು ಅಕ್ಕ ನಗುತ್ತಲೇ ಮನೆಯ ಹಿಂದಿನ ತೋಟಕ್ಕೆ ನಡೆದಳು. ಆಗ ನೆನಪಾಯಿತು. ಓಡಿದೆ. ತಡವಾಗಿತ್ತು.

ಮೋಟರ್ ರೂಮಿನ ಮುಂದೆ ಅಕ್ಕ ನಿಂತಿದ್ದಳು. ತಾರ್ಪಾಲಿನ ಅಂಚಿನಲ್ಲಿ ಅವಳ ಹನ್ನೆರಡು ಡಬ್ಬಿಗಳು ಗಾಳಿಗೆ ಒಂದಕ್ಕೊಂದು ತಾಗಿ ಟಣ್ ಟಣ್ ಎನ್ನುತ್ತಿದ್ದವು. ನಗು ಅವಳ ಮುಖದಿಂದ ಇಳಿದುಹೋಗಿತ್ತು.

"ಮಿಕ್ಕದ್ದು?"

"ಪಾಟಿ ತಿಂದ್ಲು."

"ನೀನು?"

ನಾನು ಕಾಲಿನ ಹೆಬ್ಬೆರಳು ನೋಡುತ್ತಾ, "ಕಣ್ಣು ಇಲ್ಲೆ ಅಕ್ಕಾ ಅದ್ಕೆ. ಅವ್ವ ಕಣ್ ನೋಡ್ದೆ ಮೀನ್ ಮುಟ್ಟ್ತಿರ್ಲಿಲ್ಲೆ ಅಲ್ಲ" ಎಂದೆ.

ಅಕ್ಕ ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡದಂತೆ ನಿಲ್ಲಿಸಿದಳು.

"ತಲೆ ಇಲ್ಲೆ ಅಂತಾನೇ ಡಾ ನಾ ಕಳ್ಸಿದ್ದು" ಎಂದಳು. "ಅಲ್ಲಿ ಮೊದಲ್ನೇ ದಿನ ಡಬ್ಬಿ ತೆರ್ದು ನೋಡ್ದೆ. ನಾಲ್ಕ್ ಮೀನು, ನಾಲ್ಕೂ ನಡುತುಂಡು. ಯಾರ್ಗೆ ಯಾವ್ದು ಅಂತ ಇಲ್ಲೆ. ಅಳು ಬಂದ್ಬಿಡ್ತು ನಂಗೆ. ಸಾವಕಾಶ್ವಾಗಿ ತಿಂದೆ. ನಮ್ ಮನೇಲೂ ಎಲ್ಲಾರೂ ಕೂತು ಇಂಗೆ ತಿನ್ಲಿ, ಸೆಲ್ವಿ ತಲೆ ತಿನ್ನೋದು ಬೇಡ ಅಂತ ಕಳ್ಸ್ದೆ. ನೀ ತಿಂದೆ ಅಂದಾಗೆಲ್ಲ, ನಿನ್ ಪಕ್ಕ ಕೂತು ತಿಂದಂಗೆ ಇತ್ತು."

ನಾನು ಏನಾದರೂ ಹೇಳಬೇಕಿತ್ತು. ಸೆಲ್ವಿ ನಮ್ಮ ಮನೆಗೆ ಬಂದು ಹತ್ತೊಂಬತ್ತು ವರ್ಷ. ಅವಳ ತಟ್ಟೆಯಲ್ಲಿ ಏನಿರುತ್ತದೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾ ಕೈ ಇಡಾಕಿಲ್ಲೆ" ಎಂದಳು. "ನಿನ್ ಕರಿ ನೀನೇ ಮಾಡು. ಮಾಡಿ ನೀನೇ ಬಡ್ಸು. ಬಡ್ಸೋದ್ರಲ್ಲಿ ನ್ಯಾಯ ಇದ್ರೆ ಇರ್ತೀನಿ. ಇಲ್ಲಾಂದ್ರೆ ಬ್ಯಾಗ್ ಇನ್ನೂ ಬಿಚ್ಚಿಲ್ಲೆ, ನಾಳೆ ಕಾಲೈಲಿ ಎದ್ದ್ರೆ ದಿಂಡುಕ್ಕಲ್ ಬಸ್ ಅದೆ."

ಪಂದಲಿನ ಕೆಳಗೆ ಹೋಗಿ ಅತ್ಯಂತ ಹುಳಿ ಕಾಯಿಗಳನ್ನು ಆರಿಸಿದೆ. ಒಂದೊಂದನ್ನೂ ಕಚ್ಚಿ ನೋಡಿ ಹಲ್ಲು ಚಳಿತುಹೋಯಿತು. ಅಂಗಳಕ್ಕೆ ಬಂದು ರುಬ್ಬುವ ಕಲ್ಲಿನಲ್ಲಿ ನಾನೇ ಅರೆದೆ. ಈರುಳ್ಳಿ ನಾನೇ ಬಿಡಿಸಿದೆ. ಕಣ್ಣೀರಿಗೆ ಅದು ಒಳ್ಳೆಯ ನೆಪವಾಯಿತು. ಒಳ್ಳೆಣ್ಣೆ ಕಾಯಿತು, ಮೆಂತ್ಯ ಸಿಡಿಯಿತು, ಕರಿಬೇವು ಚಟಪಟ ಎಂದಿತು. ಮೆಣಸು ಮಲ್ಲಿ ಅರೆದದ್ದು ಹಾಕಿದೆ. ದ್ರಾಕ್ಷಿಕಾಯಿಯ ಹಸಿರು ನೀರು ಬಿದ್ದದ್ದೇ ತಡ, ಎದ್ದ ಪರಿಮಳಕ್ಕೆ ಪಾಟಿಯ ಕೋಲು ನೆಲ ಕುಟ್ಟಿತು.

"ಮೀನನ್ನು ಈಗಲೇ ಹಾಕಬೇಡಪ್ಪಾ!" ಎಂದು ಪಾಟಿ ಕೂಗಿದಳು. "ಅದು ಒಂದು ಸಲ ಬೆಂದದ್ದು. ಕೊಳಂಬು ಗಟ್ಟಿಯಾಗಲಿ. ಆಮೇಲೆ ಮೆಲ್ಲಗೆ ಮಲಗಿಸು. ಸೌಟು ಹಾಕಿದರೆ ಕೈ ಮುರೀತೀನಿ."

ಹಾಗೇ ಮಾಡಿದೆ. ಆರು ಡಬ್ಬಿಯ ಮೀನನ್ನೂ ಕೂಸುಗಳನ್ನು ಮಲಗಿಸುವಂತೆ ಒಂದೊಂದಾಗಿ ಮಲಗಿಸಿದೆ. ಸೌಟು ಹಾಕದೆ, ಬಟ್ಟೆಯಿಂದ ಚಟ್ಟಿಯ ಕಂಠ ಹಿಡಿದು ಮೆಲ್ಲಗೆ ತಿರುಗಿಸಿದೆ. ಅವ್ವ ಹಾಗೇ ಮಾಡುತ್ತಿದ್ದಳು. ಕೈಗೆ ಅದು ಹೇಗೆ ಗೊತ್ತಿತ್ತೋ.

ನಾಲ್ಕು ಎಲೆ ಹಾಸಿದೆ. ಮೂರೂ ಹೆಂಗಸರನ್ನು ಮೊದಲು ಕೂರಿಸಿದೆ. ನಮ್ಮ ಮನೆಯಲ್ಲಿ ಗಂಡಸು ನಿಂತು ಬಡಿಸಿದ್ದು ಅದೇ ಮೊದಲು. ಸೆಲ್ವಿ ಎಲೆಯ ಮುಂದೆ ಹೇಗೆ ಕೂರಬೇಕೆಂದು ತಿಳಿಯದವಳಂತೆ ಅರ್ಧ ಎದ್ದೇ ಕೂತಿದ್ದಳು. ಬಿಸಿ ಅನ್ನ, ಅದರ ಮೇಲೆ ಕೊಳಂಬು, ಪಕ್ಕದಲ್ಲಿ ಮೀನು. ಹಳೆಯ ಅಭ್ಯಾಸ, ಯಾವ ತುಂಡು ಯಾರಿಗೆ ಎಂದು ಚಟ್ಟಿಯೊಳಗೆ ಕಣ್ಣು ಹುಡುಕಿತು. ಹುಡುಕಲು ಏನೂ ಇರಲಿಲ್ಲ. ಎಲ್ಲಾ ನಡುತುಂಡು.

ಅಕ್ಕ ಕಲಸಿದಳು. ಒಂದು ತುತ್ತು ಬಾಯಿಗೆ ಹೋಯಿತು. ಅವಳು ಕಣ್ಣು ಮುಚ್ಚಿದಳು. ನಾನು ಸೌಟು ಹಿಡಿದು ಕಂಬದ ಹಾಗೆ ನಿಂತಿದ್ದೆ.

"ಮಸ್ಕತ್ತಲ್ಲಿ" ಎಂದಳು ಕಣ್ಣು ಮುಚ್ಚಿಕೊಂಡೇ, "ಇಷ್ಟ್ ವರ್ಸ ನಾ ಮಾಡ್ದೆ. ಇಂಗೆ ಒಂದ್ ದಿನಾನೂ ಬರ್ಲಿಲ್ಲೆ." ಕಣ್ಣು ತೆರೆದು, ಇನ್ನಷ್ಟು ಅನ್ನಕ್ಕೆ ಎಲೆ ಮುಂದಕ್ಕೆ ತಳ್ಳಿದಳು. "ಇನ್ನೂ ಸೋರು ಹಾಕ್ಡಾ!"

ಗೆದ್ದೆ! ಇನ್ನು ದಿಂಡುಕ್ಕಲ್ ಬಸ್ಸಿನ ಮಾತಿಲ್ಲ. ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ನಮ್ಮ ತೋಟದ ಹಣ್ಣಿಗೆ ಮಂಡಿಯವರು ಜಗಳಾಡಿದ ದಿನವೂ ನನಗೆ ಹೀಗಾಗಿರಲಿಲ್ಲ. ಪಾಟಿ ಎರಡು ಸಲ ಹಾಕಿಸಿಕೊಂಡು, "ಕಂಡಿಯಲ್ಲೂ ಇಲ್ಲ" ಎಂದಳು. ಸೆಲ್ವಿ ಎಲೆಯನ್ನು ಬೆರಳಿನಿಂದ ಗೆರೆ ಉಳಿಯದಂತೆ ಒರೆಸಿದಳು. ವಾಸನೆ ಹಿಡಿದು ಬೀದಿಯವರು ಒಬ್ಬೊಬ್ಬರಾಗಿ ಬಟ್ಟಲು ಹಿಡಿದು ಬಂದರು. ಮೀನಿಗೆ ಕಣ್ಣಿತ್ತೇ ಎಂದು ಒಬ್ಬರೂ ಕೇಳಲಿಲ್ಲ.

ಕೊನೆಗೆ ನಾನು ಕೂತೆ. ಚಟ್ಟಿಯ ತಳದಲ್ಲಿ ಒಂದೇ ಒಂದು ಮೀನು ಉಳಿದಿತ್ತು. ಅಕ್ಕ ಅದನ್ನು ನನ್ನ ಎಲೆಗೆ ಹಾಕಲು ಬಗ್ಗಿದಳು. ನಾನು ಅವಳ ಕೈ ಹಿಡಿದು, ಮೀನನ್ನು ಅವಳ ಎಲೆಗೆ ಹಾಕಿ, ಚಟ್ಟಿಗೆ ಅನ್ನ ಸುರಿದು ಒರೆಸಿ ತಿಂದೆ. ಹುಳಿ, ಖಾರ, ಎಣ್ಣೆ, ಹೊಗೆ. ಎಂಟು ವರ್ಷದಿಂದ ನಾನು ಹೊಗಳುತ್ತಿದ್ದದ್ದು ಇದನ್ನೇ. ನಾನು ಹೇಳಿದ ಸುಳ್ಳೆಲ್ಲ ನಿಜವಾಗಿತ್ತು, ಇನ್ನೂ ಸ್ವಲ್ಪ ಕಡಮೆಯೇ ಹೇಳಿದ್ದೆ.

ಮೋಟರ್ ರೂಮಿನ ಮುಂದೆ ಹೇಳಬೇಕಿದ್ದ ಮಾತು ಇನ್ನೂ ಬಾಕಿ ಇತ್ತು. ಬೀದಿಯವರು ಬಟ್ಟಲು ಹಿಡಿದು ಇನ್ನೂ ನಿಂತಿದ್ದರು. ನಿಲ್ಲಲಿ, ಕೇಳಲಿ ಎಂದುಕೊಂಡು ಗಟ್ಟಿಯಾಗಿಯೇ ಹೇಳಿದೆ:

"ಅಕ್ಕಾ, ನಿನ್ ಡಬ್ಬಿ ಒಂದೂ ನಾ ತಿನ್ಲಿಲ್ಲೆ, ತಿಂದೆ ಅಂತ ಪೊಯ್ಯಿ ಸೊಲ್ದೆ. ಅದ್ಕೂ ಮುಂಚೆ, ಸಣ್ಣೋನಾಗಿದ್ದಾಗಿಂದ, ನಿನ್ ನಡುತುಂಡೆಲ್ಲ ನಾನೇ ತಿಂದೆ, ಒಂದ್ ದಿನಾನೂ ನಿನ್ ತಟ್ಟೆ ನೋಡ್ಲಿಲ್ಲೆ. ತಪ್ಪಾಗ್ಪೋಯ್ತಕ್ಕಾ."